ಸೀಟನ್ನು ನಮ್ಮ ಕಾರಿನಲ್ಲಿ ಕೂರಿಸಿ ನೋಡಿಯೇ ಕೊಂಡೆವು

ಮಗಳಿಗೆಂದು ಆನ್‌ಲೈನ್‌ನಲ್ಲಿ ತರಿಸಿದ ಮೊದಲ ಕಾರ್ ಸೀಟು, ಅಂದರೆ ಕಾರಿನ ಆಸನದ ಮೇಲೆ ಬಿಗಿದು ಮಗುವನ್ನು ಪಟ್ಟಿ ಹಾಕಿ ಕೂರಿಸುವ ಚಿಕ್ಕ ಸೀಟು, ಮೂರನೆಯ ದಿನವೇ ಹಿಂದಕ್ಕೆ ಹೋಯಿತು. ಸೀಟಿನಲ್ಲಿ ದೋಷವೇನೂ ಇರಲಿಲ್ಲ. ಮಗುವಿನ ಮುಖ ಹಿಂದಿನ ಗಾಜಿನ ಕಡೆಗೆ ಬರುವಂತೆ ಇಟ್ಟು, ಕಾರಿನ ಬೆಲ್ಟನ್ನು ಪೂರ್ತಿ ಎಳೆದು ಸುತ್ತಿಸಿದರೂ ಅದರ ನಾಲಿಗೆ ಬಕಲ್‌ನಿಂದ ನಾಲ್ಕು ಬೆರಳು ಹಿಂದೆಯೇ ಉಳಿಯುತ್ತಿತ್ತು. ನಮ್ಮ ಹಳೆಯ ಚಿಕ್ಕ ಕಾರಿನ ಬೆಲ್ಟು ಅಷ್ಟು ಗಿಡ್ಡ. ಬಣ್ಣ, ಬೆಲೆ, ಮೆತ್ತೆಯ ದಪ್ಪ ಎಲ್ಲವನ್ನೂ ನೋಡಿದ್ದ ನಾವು ಬೆಲ್ಟಿನ ಉದ್ದವನ್ನು ಅಳೆದಿರಲಿಲ್ಲ.

ಸೀಟು ಬೇಕೇ ಬೇಕು ಎಂದು ನಾನು ಹಟ ಹಿಡಿದದ್ದು ತರೀಕೆರೆಯ ಬಳಿ ನಡೆದ ಒಂದು ಘಟನೆಯಿಂದ. ಶಿವಮೊಗ್ಗದಿಂದ ಬೆಂಗಳೂರಿಗೆ ಹೊರಟಿದ್ದೆವು. ಹನ್ನೊಂದು ತಿಂಗಳ ಮಗಳು ಹಿಂದಿನ ಆಸನದಲ್ಲಿ ನನ್ನ ತೊಡೆಯ ಮೇಲಿದ್ದಳು. ಬಣ್ಣ ಬಳಿಯದ ರಸ್ತೆ ಉಬ್ಬು ಕಂಡು ನನ್ನ ಪತಿ ಬ್ರೇಕ್ ಒತ್ತಿದರು. ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದಿದ್ದರೂ ಮಗು ನನ್ನ ಹಿಡಿತದಿಂದ ಜಾರಿ, ಅವಳ ಹಣೆ ಮುಂದಿನ ಆಸನಕ್ಕೆ ಬಡಿಯಿತು. ಊದಿಕೊಂಡಿತು, ಸಂಜೆಗೆ ಇಳಿಯಿತು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ಮರುದಿನ ಮಕ್ಕಳಿಗೆ ಹೇಳಿಕೊಡುವ ಲೆಕ್ಕವನ್ನೇ ಮಾಡಿದೆ. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದ ಕಾರು ಏನಾದರೂ ಬಡಿದು ಅರ್ಧ ಮೀಟರಿನೊಳಗೆ ನಿಂತರೆ, 10 ಕಿಲೋ ತೂಕದ ಮಗುವನ್ನು ಹಿಡಿದಿಡಲು ಸುಮಾರು 200 ಕಿಲೋ ಭಾರ ತಡೆಯುವಷ್ಟು ಬಲ ಬೇಕು. 25 ಕಿಲೋ ಅಕ್ಕಿಯ ಎಂಟು ಮೂಟೆ! ಯಾವ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ. ತಾಯಿ ಮಗು ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟು ಹಾಕಿಕೊಳ್ಳುವುದಂತೂ ಇನ್ನೂ ಅಪಾಯ. ತಾಯಿಯ ಭಾರವೆಲ್ಲ ಮಗುವಿನ ಮೇಲೆ ಬಿದ್ದು, ಅದು ಬೆಲ್ಟಿಗೂ ಅವಳಿಗೂ ನಡುವೆ ನಜ್ಜಾಗುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ವಿಧಿಯಲ್ಲಿ, 14 ವರ್ಷದೊಳಗಿನ ಮಕ್ಕಳಿಗೆ ಸರಿಯಾದ ಸುರಕ್ಷಾ ವ್ಯವಸ್ಥೆ ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡವಿದೆ. ನನ್ನನ್ನು ಹೆದರಿಸಿದ್ದು ಆ ದಂಡವಲ್ಲ, ಆ ಎಂಟು ಮೂಟೆ.

ಎರಡನೆಯ ಸಲ ಕೊಳ್ಳುವ ಮೊದಲು ಮಗಳ ತೂಕ, ಎತ್ತರ, ಕೂತಾಗ ಭುಜದ ಎತ್ತರ ಮೂರನ್ನೂ ಬರೆದುಕೊಂಡೆ. ಆಮೇಲೆ ಕಾರು ನೋಡಿದೆವು. ಹೊಸ ಕಾರುಗಳಲ್ಲಿ ಹಿಂದಿನ ಆಸನದ ಸಂದಿಯಲ್ಲಿ ಐಸೋಫಿಕ್ಸ್ ಎಂಬ ಎರಡು ಕಬ್ಬಿಣದ ಕೊಂಡಿಗಳಿರುತ್ತವೆ. ಸೀಟಿನ ಹಿಡಿಗಳನ್ನು ಅವುಗಳಿಗೆ ಟಕ್ಕೆಂದು ಸಿಕ್ಕಿಸಬಹುದು. ನಮ್ಮದರಲ್ಲಿ ಅವು ಇಲ್ಲ. ಹಿಂದಿನ ನಡುವಿನ ಜಾಗದಲ್ಲಿ ಸೊಂಟಕ್ಕೆ ಮಾತ್ರ ಬರುವ ಬೆಲ್ಟಿದೆ, ಅದೂ ಆಗದು. ಮುಂದೆ ಕೂರಿಸಿದರೆ ಒಬ್ಬರೇ ಓಡಿಸುವಾಗ ಮಗುವಿನ ಮೇಲೆ ಕಣ್ಣಿಡಬಹುದಲ್ಲ ಎಂದು ನನ್ನ ಪತಿ ಕೇಳಿದರು. ಮುಂದೆ ಏರ್‌ಬ್ಯಾಗ್ ಇದೆ. ಹಿಂದಕ್ಕೆ ಮುಖ ಮಾಡಿದ ಸೀಟಿನ ಬೆನ್ನಿಗೆ ಅದು ಸಿಡಿದು ಬಡಿದರೆ ಮಗುವಿನ ಜೀವವೇ ಹೋಗಬಹುದು. ಉಳಿದದ್ದು ಹಿಂದಿನ ಎಡಬದಿ. ಮಗುವನ್ನು ಫುಟ್‌ಪಾತಿನ ಕಡೆಯಿಂದ ಇಳಿಸಿಕೊಳ್ಳಲೂ ಅದೇ ಅನುಕೂಲ.

ಪರಿಚಿತರೊಬ್ಬರು ತಮ್ಮ ಮಗ ಬಳಸಿದ ಸೀಟನ್ನು ಪ್ರೀತಿಯಿಂದ ಕೊಡಲು ಬಂದರು. ಕೆಳಗಿನ ಚೀಟಿ ಕಿತ್ತುಹೋಗಿತ್ತು, ತಯಾರಾದ ವರ್ಷ ಕಾಣುತ್ತಿರಲಿಲ್ಲ. ಬಿಸಿಲಿಗೆ ಪ್ಲಾಸ್ಟಿಕ್ ಸೊರಗುತ್ತದೆ. ಒಮ್ಮೆ ಅಪಘಾತ ಕಂಡ ಸೀಟಿನ ಒಳಗಿನ ಬಿರುಕು ಹೊರಗೆ ಕಾಣದು. ಬೇಡ ಎನ್ನಲು ಸಂಕೋಚವಾಯಿತು, ಆದರೂ ಬೇಡವೆಂದೆ.

ಕೊನೆಗೆ ಕಾರು, ಮಗು ಎರಡನ್ನೂ ಕರೆದುಕೊಂಡು ಬೆಂಗಳೂರಿನ ಅಂಗಡಿಯೊಂದಕ್ಕೆ ಹೋದೆವು. ಕೊಳ್ಳುವ ಮೊದಲು ಸೀಟನ್ನು ನಮ್ಮ ಕಾರಿನಲ್ಲಿ ಕೂರಿಸಿ ನೋಡಲು ಬಿಡಬೇಕು ಎಂಬ ಒಂದೇ ಷರತ್ತು ಹಾಕಿದೆ. ಅಂಗಡಿಯವರು ಒಪ್ಪಿದರು. ಆದರೆ ‘ಒಂಬತ್ತು ಕಿಲೋ ದಾಟಿದೆಯಲ್ಲ ಮೇಡಂ, ಇನ್ನು ಮುಂದಕ್ಕೆ ಮುಖ ಮಾಡಿಸಿಯೇ ಕೂರಿಸಬಹುದು’ ಎಂದರು. ಆರ್ 44 ಎಂಬ ಹಳೆಯ ಯುರೋಪಿನ ಮಾನದಂಡದ ಪ್ರಕಾರ ಅವರ ಮಾತು ಸರಿ. ಆರ್ 129 ಎಂಬ ಹೊಸ ಮಾನದಂಡ 15 ತಿಂಗಳು ತುಂಬುವವರೆಗೆ ಮುಂದಕ್ಕೆ ತಿರುಗಿಸಲು ಬಿಡುವುದಿಲ್ಲ. ಮೈಯ ಅಳತೆಗೆ ಹೋಲಿಸಿದರೆ ಕೂಸಿನ ತಲೆ ಭಾರ, ಕುತ್ತಿಗೆಯ ಮೂಳೆ ಇನ್ನೂ ಬಲಿತಿರುವುದಿಲ್ಲ. ಮುಂದಕ್ಕೆ ಮುಖ ಮಾಡಿದ್ದರೆ ಢಿಕ್ಕಿಯಲ್ಲಿ ಪಟ್ಟಿಗಳು ಮೈಯನ್ನು ಹಿಡಿಯುತ್ತವೆ, ತಲೆ ಮಾತ್ರ ಮುಂದಕ್ಕೆ ಚಿಮ್ಮುತ್ತದೆ. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಸೀಟಿನ ಬೆನ್ನೇ ಒಟ್ಟಿಗೆ ತಡೆದುಕೊಳ್ಳುತ್ತದೆ. ಅದಕ್ಕಾಗಿಯೇ ಹಿಂದಕ್ಕೆ ಮುಖ ಮಾಡಿ 13 ಕಿಲೋವರೆಗೆ ಮಾತ್ರ ಬಳಸಬಹುದಾದ ಸೀಟನ್ನು ಬಿಟ್ಟು, 18 ಕಿಲೋವರೆಗೆ ಬಳಸಬಹುದಾದದ್ದನ್ನು ಆರಿಸಿಕೊಂಡೆ. ಯುರೋಪಿನ ಮಾನದಂಡಕ್ಕೆ ಒಪ್ಪಿಗೆಯಾಗಿದೆ ಎಂದು ತಿಳಿಸುವ ಕಿತ್ತಳೆ ಬಣ್ಣದ ಚೀಟಿಯ ಮೇಲೆ ವೃತ್ತದೊಳಗೆ ಇಂಗ್ಲಿಷಿನ ‘E’ ಅಕ್ಷರವಿರುವುದನ್ನೂ ಖಚಿತಪಡಿಸಿಕೊಂಡೆ.

ಅಂಗಡಿಯ ಮುಂದೆ ಒಂದೂವರೆ ಗಂಟೆ ಕಳೆದೆವು. ಮೂರು ಸೀಟುಗಳಲ್ಲಿ ಒಂದಕ್ಕೆ ಬೆಲ್ಟು ಸಾಲಲಿಲ್ಲ. ಇನ್ನೊಂದಕ್ಕೆ ಸಾಲಿತು, ಆದರೆ ನಮ್ಮ ಕಾರಿನಲ್ಲಿ ಬಕಲನ್ನು ಆಸನಕ್ಕೆ ಸೇರಿಸುವ ಕಾಂಡ ಉದ್ದವಾದ್ದರಿಂದ ಬಕಲ್ ಸೀಟಿನ ಅಂಚಿಗೆ ತಾಗಿ ಬಾಗಿ ನಿಲ್ಲುತ್ತಿತ್ತು. ಮೂರನೆಯದು ಕೂತಿತು. ಅದರಲ್ಲಿ ಕಾರಿನ ಬೆಲ್ಟನ್ನು ಕಚ್ಚಿ ಹಿಡಿಯುವ ಕ್ಲಿಪ್ ಇತ್ತು. ಬೆಲ್ಟು ಹಾಯುವ ಜಾಗದಲ್ಲಿ ಹಿಡಿದು ಜಗ್ಗಿದರೆ ಸೀಟು ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಅಲುಗಾಡಬಾರದು. ನನ್ನ ಪತಿ ಮೊಣಕಾಲೂರಿ ಸೀಟನ್ನು ಅದುಮಿ ಬೆಲ್ಟು ಎಳೆದ ಮೇಲೆ ಅದು ಬಂಡೆಯಂತೆ ನಿಂತಿತು. ಮೂರರಲ್ಲಿ ಕಡಿಮೆ ಬೆಲೆಯದೂ ಅದೇ ಆಗಿತ್ತು.

ಮನೆಯಲ್ಲಿ ಅತ್ತೆಯವರು ನೊಂದುಕೊಂಡರು. ‘ಏನಮ್ಮಾ, ಕೂಸನ್ನು ಹೀಗೆ ಕಟ್ಟಿಹಾಕುವುದೇ? ನನ್ನ ಮಡಿಲಿಲ್ಲವೇ?’ ಎಂದರು. ನಾನು ವಾದಿಸಲಿಲ್ಲ. ಪಟ್ಟಿ ಬಿಗಿಯುವುದನ್ನು ಅವರಿಗೇ ಕಲಿಸಿದೆ. ಹಿಂದಕ್ಕೆ ಮುಖವಿರುವಾಗ ಭುಜದ ಪಟ್ಟಿ ಭುಜದ ಮಟ್ಟದಿಂದ ಅಥವಾ ತುಸು ಕೆಳಗಿನಿಂದ ಬರಬೇಕು. ಭುಜದ ಬಳಿ ಪಟ್ಟಿಯನ್ನು ಚಿವುಟಿದರೆ ಮಡಿಕೆ ಬೆರಳಿಗೆ ಸಿಗಬಾರದು. ಚಳಿಗೆ ಸ್ವೆಟರಿನ ಮೇಲೆ ಪಟ್ಟಿ ಹಾಕದೆ, ಪಟ್ಟಿ ಬಿಗಿದ ಮೇಲೆ ಶಾಲು ಹೊದಿಸಬೇಕು. ಈಗ ನಾನು ಅವಸರದಲ್ಲಿದ್ದರೆ ‘ತಾಳು, ಚಿವುಟಿ ನೋಡಿದೆಯಾ?’ ಎಂದು ಕೇಳುವವರು ಅವರೇ.

ಮೊದಲ ವಾರ ಮಗಳು ಅತ್ತಳು. ಮನೆಯಿಂದ ಗೋಪಿ ವೃತ್ತದವರೆಗೆ ಮಾತ್ರ ದಿನವೂ ಒಂದು ಸುತ್ತು ಹೋಗಿಬಂದೆವು. ಹತ್ತನೆಯ ದಿನಕ್ಕೆ ಅಳು ನಿಂತಿತು. ಬೆಂಗಳೂರಿನ ದಾರಿಯಲ್ಲಿ ಎರಡು ಗಂಟೆಗೊಮ್ಮೆ ನಿಲ್ಲಿಸಿ ಎತ್ತಿಕೊಳ್ಳುತ್ತೇವೆ, ಹಾಗಾಗಿ ಅರಸೀಕೆರೆ, ತುಮಕೂರು ಎರಡೂ ಕಡೆ ನಿಲುಗಡೆ. ಬೇಸಿಗೆಯಲ್ಲಿ ಕಾರು ನಿಲ್ಲಿಸುವಾಗ ಸೀಟಿಗೆ ಬಿಳಿ ಪಂಚೆ ಮುಚ್ಚುತ್ತೇನೆ, ಇಲ್ಲದಿದ್ದರೆ ಬಕಲ್‌ನ ಲೋಹ ತೊಡೆಯನ್ನು ಸುಡುತ್ತದೆ.

ಮಗಳಿಗೆ ಈಗ ಎರಡೂವರೆ ವರ್ಷ, 12 ಕಿಲೋ 400 ಗ್ರಾಂ. ತಿಂಗಳಿಗೊಮ್ಮೆ ತೂಕ ನೋಡಿ, ತಲೆಯ ಮೇಲೆ ಉಳಿದಿರುವ ಜಾಗವನ್ನು ಅಳೆಯುತ್ತೇನೆ. ಕಳೆದ ಭಾನುವಾರ ಸೀಟಿನ ತುದಿಗೂ ಅವಳ ನೆತ್ತಿಗೂ ಏಳು ಸೆಂಟಿಮೀಟರ್ ಅಂತರವಿತ್ತು. ಅದು ಎರಡೂವರೆಗೆ ಇಳಿಯುವವರೆಗೂ ಅವಳು ಹಿಂದಿನ ಗಾಜಿನಲ್ಲಿ ಮರಗಳನ್ನು ನೋಡುತ್ತಲೇ ಹೋಗುತ್ತಾಳೆ.