ಕರೆಂಟ್ ಹೋಗ್ಯಾದಂತ ತಂತಿ ಮುಟ್ಟಬ್ಯಾಡ್ರಿ: ರೈಲು ಮಾರ್ಗದ ಬ್ರೇಕರ್ ಕೆಲಸ ಮಾಡೋದು ಹೀಗೆ

ಶಹಾಬಾದ್ ದಾಟಿತ್ತು, ವಾಡಿ ಇನ್ನೂ ಬಂದಿರಲಿಲ್ಲ. ಮೇ ತಿಂಗಳ ಸಂಜೆ, ಧೂಳೆಬ್ಬಿಸಿಕೊಂಡು ಬಂದ ಗಾಳಿಮಳೆ. ಬೋಗಿಯ ಏಸಿಯ ಗುಂಯ್‌ಗುಟ್ಟುವ ಸದ್ದು ಫಕ್ಕನೆ ನಿಂತಿತು. ಗಾಡಿ ತನ್ನ ಓಟಕ್ಕೇ ಒಂದಷ್ಟು ದೂರ ಉರುಳಿ, ಫರ್ಸಿ ಕಲ್ಲಿನ ಗಣಿಗಳ ಬಯಲಲ್ಲಿ ನಿಂತುಕೊಂಡಿತು.

ಅರ್ಧ ಗಂಟೆಯಾಯಿತು. ಬಾಗಿಲಲ್ಲಿ ನಿಂತಿದ್ದ ಹುಡುಗನೊಬ್ಬ ಹೊರಗೆ ಬಗ್ಗಿ ನೋಡಿದ. ಮುಂದೊಂದು ಕಂಬದ ಹತ್ತಿರ ಮರದ ಟೊಂಗೆ ಸಿಕ್ಕಿಕೊಂಡು ತಂತಿ ಜೋತುಬಿದ್ದಿತ್ತು. "ಹೋಗಿ ಫೋಟೊ ತಕ್ಕೊಂಡ್ ಬರ್ತೀನ್ರಿ ಕಾಕಾ, ಹೆಂಗೂ ಕರೆಂಟ್ ಹೋಗ್ಯಾದ" ಅಂದ. ಎದುರು ಸೀಟಿನಲ್ಲಿದ್ದವರು ರೈಲ್ವೆಯ ತಂತಿ ಕೆಲಸದಲ್ಲಿದ್ದು ನಿವೃತ್ತರಾದ ಹಿರಿಯರು. ಓದುತ್ತಿದ್ದ ಪೇಪರ್ ಇಳಿಸದೆಯೇ ಹೇಳಿದರು: "ಹೋಗ್ಯಾದ, ಖರೇ. ತಿರುಗಿ ಬರೂದಿಲ್ಲಂತ ಯಾರ್ ಹೇಳ್ಯಾರಪ್ಪ ನಿನಗ?"

ಹುಡುಗ ಒಳಗೆ ಬಂದು ಕೂತ. ಆ ಸಂಜೆ ಅವರು ವಿವರಿಸಿದ್ದು, ಆಮೇಲೆ ನಾನು ಕೇಳಿ ಓದಿ ತಿಳಿದುಕೊಂಡದ್ದು ಎರಡೂ ಸೇರಿ ಈ ಬರಹ.

ಮೊದಲು ಕರೆಂಟಿನ ದಾರಿ

ನಮ್ಮ ಮನೆಗೆ ಬರುವುದು 230 ವೋಲ್ಟ್. ಹಳಿಯ ಮೇಲಿನ ತಂತಿಯಲ್ಲಿರುವುದು 25 ಸಾವಿರ ವೋಲ್ಟ್. ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಮುಂಬೈಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿದಾಗ ತಂತಿಯಲ್ಲಿದ್ದದ್ದು 1,500 ವೋಲ್ಟ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಮಾತ್ರ. 25 ಸಾವಿರದ ಏಸಿ (ಹಿಂದೆ ಮುಂದೆ ದಿಕ್ಕು ಬದಲಿಸುತ್ತ ಹರಿಯುವ ಕರೆಂಟ್) ಪದ್ಧತಿ ಬಂದದ್ದು ಆಮೇಲೆ, ಫ್ರಾನ್ಸಿನ ರೈಲ್ವೆಯವರ ಒತ್ತಾಸೆಯಿಂದ.

ರಾಜ್ಯದ ದೊಡ್ಡ ಲೈನಿನಿಂದ ಬರುವ ಕರೆಂಟನ್ನು ಹಳಿ ಪಕ್ಕದ ಟ್ರಾಕ್ಷನ್ ಸಬ್‌ಸ್ಟೇಷನ್ 25 ಸಾವಿರಕ್ಕೆ ಇಳಿಸಿ ತಂತಿಗೆ ಬಿಡುತ್ತದೆ. ಎಂಜಿನ್ನಿನ ನೆತ್ತಿ ಮೇಲಿನ ಪ್ಯಾಂಟೊ ಎಂಬ ಲೋಹದ ತೋಳು ಆ ತಂತಿಯನ್ನು ಒರೆಸಿಕೊಂಡೇ ಓಡುತ್ತದೆ. ಅಲ್ಲಿಂದ ಕರೆಂಟ್ ಟ್ರಾನ್ಸ್‌ಫಾರ್ಮರಿಗೆ, ಗಾಲಿಗೆ, ಹಳಿಗೆ, ಮತ್ತೆ ಸಬ್‌ಸ್ಟೇಷನ್ನಿಗೆ. ಎಂಜಿನ್ ನಡುವೆ ಇದ್ದರೆ ಈ ಸುತ್ತು ಸರಿ. ಎಂಜಿನ್ ಇಲ್ಲದೆ ತಂತಿಯೇ ನೇರ ಹಳಿಗೋ ಕಂಬಕ್ಕೋ ತಾಗಿದರೆ ಸಾವಿರಾರು ಆಂಪಿಯರ್ ನುಗ್ಗಿ, ತಾಮ್ರದ ತಂತಿ ಕರಗಿ ತುಂಡಾಗುತ್ತದೆ. ಅದಕ್ಕಿಂತ ಮೊದಲು ಕೊಂಡಿ ಕಳಚಬೇಕು. ಆ ಕೆಲಸ ಸಬ್‌ಸ್ಟೇಷನ್ನಿನ ಬ್ರೇಕರಿನದು.

ಹಂತ 1: ರಿಲೇ ಭಾಗಾಕಾರ ಮಾಡುತ್ತದೆ

ಬ್ರೇಕರಿಗೆ ತೋಳಿದೆ, ತಲೆಯಿಲ್ಲ. ತಲೆ ಅಂದರೆ ರಿಲೇ. ಅದು ಬಿಡುವಿಲ್ಲದೆ ಮಾಡುವುದು ಐದನೇ ಕ್ಲಾಸಿನ ಲೆಕ್ಕ: ವೋಲ್ಟನ್ನು ಆಂಪಿಯರಿನಿಂದ ಭಾಗಿಸುವುದು. ಬಂದ ಉತ್ತರ ಓಮ್, ಅಂದರೆ ಕರೆಂಟಿಗೆ ಎಷ್ಟು ತಡೆಯಿದೆ ಎಂಬುದರ ಅಳತೆ.

6 ಸಾವಿರ ಅಶ್ವಶಕ್ತಿಯ ಎಂಜಿನ್ ಪೂರ್ತಿ ಜೋರಿನಲ್ಲಿ ಎಳೆಯುವಾಗ ಸುಮಾರು 180 ಆಂಪಿಯರ್ ಎಳೆದುಕೊಳ್ಳುತ್ತದೆ. 25,000 ಭಾಗಿಸು 180, ಹತ್ತಿರಹತ್ತಿರ 139. ಅಂಥ ನಾಲ್ಕು ಗಾಡಿ ಒಟ್ಟಿಗೆ ಓಡಿದರೂ ಉತ್ತರ 35ರ ಸುತ್ತಮುತ್ತ. ಆದರೆ ತಂತಿಯ ಸ್ವಂತ ತಡೆ ಕಿಲೋಮೀಟರಿಗೆ ಅರ್ಧ ಓಮಿನ ಆಸುಪಾಸು. 20 ಕಿ.ಮೀ. ಆಚೆ ಶಾರ್ಟ್ ಆದರೆ ಉತ್ತರ ದಿಢೀರನೆ ಹತ್ತಕ್ಕೆ ಕುಸಿಯುತ್ತದೆ. ಇದು ಗಾಡಿಯಲ್ಲ, ಕೇಡು ಎಂದು ರಿಲೇಗೆ ತಿಳಿಯುವುದು ಹೀಗೆ. ಇದಕ್ಕೆ ಡಿಸ್ಟೆನ್ಸ್ ರಿಲೇ ಅನ್ನುತ್ತಾರೆ. ಅದೇ ಲೆಕ್ಕ ತಿರುವಿಹಾಕಿದರೆ ಕೇಡು ಎಷ್ಟನೇ ಕಿಲೋಮೀಟರಿನಲ್ಲಿ ಆಗಿದೆ ಎಂಬುದೂ ಹೆಚ್ಚೂಕಡಿಮೆ ಸಿಕ್ಕಿಬಿಡುತ್ತದೆ.

ಈಗ ಇದೇ ಲೆಕ್ಕಕ್ಕೆ ಒಬ್ಬ ಮನುಷ್ಯನನ್ನು ಹಾಕಿ ನೋಡಿ. ಮೈಯ ತಡೆ ಸಾವಿರ ಓಮ್ ಎಂದು ಹಿಡಿಯುವುದು ರೂಢಿ. 25 ಸಾವಿರ ವೋಲ್ಟಿನ ತಂತಿ ಮುಟ್ಟಿದರೆ ಮೈಯಲ್ಲಿ ಹರಿಯುವುದು 25 ಆಂಪಿಯರ್. ಮನೆಯ ಆರ್‌ಸಿಸಿಬಿ, ಅಂದರೆ ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್, 0.03 ಆಂಪಿಯರ್ ಸೋರಿದರೇ ಬೀಳುತ್ತದೆ, ಯಾಕೆಂದರೆ ಅದನ್ನು ಇಟ್ಟಿರುವುದೇ ಮನುಷ್ಯನಿಗಾಗಿ. ರೈಲ್ವೆ ರಿಲೇಗೆ 25 ಆಂಪಿಯರ್ ಅಂದರೆ ನಿಧಾನಕ್ಕೆ ಹೊರಟ ಗಾಡಿಯೂ ಅಲ್ಲ. ಕಿಡಿ ಹಾರಿ, ಸುಟ್ಟು, ದೊಡ್ಡ ಶಾರ್ಟ್ ಆದ ಮೇಲಷ್ಟೇ ಅದು ಎಚ್ಚರಗೊಳ್ಳುವುದು. ಆ ಬ್ರೇಕರ್ ಕಾಯುವುದು ತಂತಿಯನ್ನು, ಟ್ರಾನ್ಸ್‌ಫಾರ್ಮರನ್ನು. ನಿಮ್ಮನ್ನಲ್ಲ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಹಂತ 2: ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತದೆ

ರಿಲೇ ಆಜ್ಞೆ ಕೊಟ್ಟ ಕೂಡಲೇ ಬ್ರೇಕರಿನ ಟ್ರಿಪ್ ಕಾಯಿಲ್ ಕೊಕ್ಕೆ ತಪ್ಪಿಸುತ್ತದೆ. ಮೊದಲೇ ಬಿಗಿದಿಟ್ಟ ಸ್ಪ್ರಿಂಗ್ ಬಿಚ್ಚಿಕೊಂಡು ಸಂಪರ್ಕವನ್ನು ಎಳೆದು ಬೇರೆ ಮಾಡುತ್ತದೆ. ಆ ಕಾಯಿಲ್ ನಡೆಯುವುದು ಸಬ್‌ಸ್ಟೇಷನ್ನಿನ 110 ವೋಲ್ಟ್ ಬ್ಯಾಟರಿಯಿಂದ. ಕರೆಂಟ್ ಕೆಟ್ಟ ಗಳಿಗೆಯಲ್ಲೇ ಕೆಲಸ ಮಾಡಬೇಕಾದವನು ಅದೇ ಕರೆಂಟನ್ನು ನಂಬಿ ಕೂರುವಂತಿಲ್ಲವಲ್ಲ.

ಸಂಪರ್ಕ ಬೇರೆಯಾದರೂ ನಡುವೆ ಕಿಡಿಯ ಸೇತುವೆ ನಿಂತಿರುತ್ತದೆ. ಅದಕ್ಕೇ ಇದೆಲ್ಲ ನಡೆಯುವುದು ಗಾಳಿ ತೆಗೆದ ಮುಚ್ಚಿದ ಸೀಸೆಯೊಳಗೆ. ವ್ಯಾಕ್ಯೂಮ್ ಬ್ರೇಕರ್ ಅನ್ನುವುದು ಈ ಕಾರಣಕ್ಕೆ. ಏಸಿ ಕರೆಂಟ್ ಸೆಕೆಂಡಿಗೆ ನೂರು ಸಲ ತಾನೇ ಸೊನ್ನೆಗೆ ಇಳಿಯುತ್ತದೆ. ಅಂಥದೊಂದು ಸೊನ್ನೆ ಬಂದಾಗ ಕಿಡಿ ಆರುತ್ತದೆ, ಕರೆಂಟಿಗೆ ದಾರಿಯಾಗಲು ಗಾಳಿಯಿಲ್ಲದ್ದರಿಂದ ತಿರುಗಿ ಏಳುವುದಿಲ್ಲ. ಒಂದೆರಡು ಸೆಂಟಿಮೀಟರ್ ಸಂದು ಸಾಕಾಗುತ್ತದೆ. ರಿಲೇ ಲೆಕ್ಕದಿಂದ ಕಿಡಿ ಆರುವ ತನಕ ಎಲ್ಲ ಸೇರಿ ನೀವು ಒಮ್ಮೆ ರೆಪ್ಪೆ ಬಡಿಯುವಷ್ಟು ಹೊತ್ತು.

ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ಕತೆ ಬೇರೆ. ಅಲ್ಲಿ ಹಳಿ ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ಡಿಸಿ ಇರುತ್ತದೆ. ಡಿಸಿಗೆ ಸೊನ್ನೆಗೆ ಇಳಿಯುವ ಗುಣವಿಲ್ಲ, ಕಿಡಿಯನ್ನು ಎಳೆದು ಉದ್ದ ಮಾಡಿ, ಚೂರುಚೂರು ಮಾಡಿ ಆರಿಸಬೇಕು. ಯಾರಾದರೂ ಹಳಿಗೆ ಬಿದ್ದರೆ ಸಿಬ್ಬಂದಿ ಒತ್ತಿ ಕರೆಂಟ್ ಕಡಿಯುವ ತುರ್ತು ಗುಂಡಿಯೂ ಪ್ಲಾಟ್‌ಫಾರ್ಮಿನಲ್ಲೇ ಇದೆ. ನಮ್ಮ ವಾಡಿ, ಯಾದಗಿರಿ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ಅಂಥ ಗುಂಡಿ ಹುಡುಕಬೇಡಿ.

ಹಂತ 3: ಇನ್ನೊಮ್ಮೆ ನೋಡೋಣ ಅನ್ನುತ್ತದೆ

ಹಿರಿಯರು ಹುಡುಗನನ್ನು ತಡೆದದ್ದು ಈ ಹಂತದ ಸಲುವಾಗಿ. ತಂತಿ ಮೇಲಿನ ಕೇಡುಗಳಲ್ಲಿ ಎಷ್ಟೋ ತಾವಾಗೇ ಹೋಗುವಂಥವು. ಹಕ್ಕಿ ಅಡ್ಡ ಬಂದು ಸುಟ್ಟು ಬೀಳುತ್ತದೆ, ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಹಾಳೆ ತಾಗಿ ಜಾರುತ್ತದೆ, ಸಿಡಿಲಿನ ಹೊಡೆತ ಒಂದು ಕ್ಷಣಕ್ಕೆ ಮುಗಿಯುತ್ತದೆ. ಪ್ರತಿ ಸಲ ಗಾಡಿಗಳನ್ನು ಗಂಟೆಗಟ್ಟಲೆ ನಿಲ್ಲಿಸಲಾದೀತೇ? ಅದಕ್ಕೆ ಬ್ರೇಕರ್ ಸ್ವಲ್ಪ ಹೊತ್ತು ತಡೆದು ತಾನೇ ಒಮ್ಮೆ ಮುಚ್ಚಿಕೊಳ್ಳುತ್ತದೆ. ಆಟೊ ರೀಕ್ಲೋಸ್ ಎಂದು ಅದರ ಹೆಸರು. ಕೇಡು ಹೋಗಿದ್ದರೆ ಸೈ. ಇದ್ದರೆ ಮತ್ತೆ ಬಿದ್ದು, ಆಮೇಲೆ ತಾನಾಗಿ ಏಳುವುದಿಲ್ಲ.

ತಾನಾಗಿ ಏಳುವುದಿಲ್ಲ ಸರಿ, ಎಬ್ಬಿಸುವವರು ಇದ್ದಾರೆ. ದೂರದ ನಿಯಂತ್ರಣ ಕೊಠಡಿಯಲ್ಲಿ ಕೂತ ಪವರ್ ಕಂಟ್ರೋಲರ್ ಮುಂದೆ ಇಡೀ ಮಾರ್ಗದ ನಕ್ಷೆ ಇರುತ್ತದೆ. ತಂತಿಯನ್ನು ತುಂಡು ತುಂಡಾಗಿ ಬೇರ್ಪಡಿಸುವ ಸ್ವಿಚ್‌ಗಳನ್ನು ಅವರು ಅಲ್ಲಿಂದಲೇ ತೆಗೆದು, ಒಂದೊಂದು ತುಂಡಿಗೆ ಕರೆಂಟ್ ಬಿಟ್ಟು ನೋಡುತ್ತಾರೆ. ನಿಂತ ತುಂಡು ಒಳ್ಳೆಯದು, ಬಿದ್ದ ತುಂಡು ಕೆಟ್ಟದ್ದು. ಅಂದರೆ ಜೋತುಬಿದ್ದ ತಂತಿಗೆ ಅರ್ಧ ಗಂಟೆಯೊಳಗೆ ಎರಡು ಮೂರು ಸಲ 25 ಸಾವಿರ ವೋಲ್ಟ್ ಬಂದು ಹೋಗಬಹುದು, ಸುಳಿವಿಲ್ಲದೆ.

ಇನ್ನೂ ಒಂದಿದೆ. ತುಂಡಾದ ತಂತಿ ಹಳಿಗೆ ಬೀಳದೆ ಒಣ ಜಲ್ಲಿಯ ಮೇಲೋ, ಬಿಸಿಲಿಗೆ ಬಿರುಕುಬಿಟ್ಟ ಎರೆಭೂಮಿಯ ಮೇಲೋ, ಫರ್ಸಿ ಕಲ್ಲಿನ ಮೇಲೋ ಬಿದ್ದರೆ ಹರಿಯುವ ಕರೆಂಟ್ ಕಡಿಮೆ. ರಿಲೇಗೆ ಅದು ಯಾವುದೋ ಗಾಡಿ ಇದ್ದ ಹಾಗೆ ಕಾಣಬಹುದು. ಬ್ರೇಕರ್ ಬೀಳುವುದೇ ಇಲ್ಲ. ಕಿಡಿಯಿಲ್ಲದೆ, ಸದ್ದಿಲ್ಲದೆ ತಂತಿ ಹಾವಿನ ಹಾಗೆ ತಣ್ಣಗೆ ಮಲಗಿರಲೂಬಹುದು.

ಎಂಜಿನ್ನಿನ ಡಿಜೆ

ಎಂಜಿನ್ನಿನ ನೆತ್ತಿಯ ಮೇಲೂ ಒಂದು ಬ್ರೇಕರಿದೆ. ಹಳೆಯ ಡ್ರೈವರುಗಳು ಅದನ್ನು ಡಿಜೆ ಅನ್ನುತ್ತಾರೆ. ಗಣಪತಿ ಮೆರವಣಿಗೆಯ ಡಿಜೆ ಅಲ್ಲ. ಫ್ರೆಂಚರ ಡಿಸ್‌ಜಾಂಕ್ಟರ್ ನಮ್ಮ ಬಾಯಲ್ಲಿ ಹೀಗೆ ಗಿಡ್ಡವಾಗಿದೆ. ಎಂಜಿನ್ನಿನೊಳಗೆ ಕೇಡಾದರೆ ಬೀಳುವುದು ಇದು. ಮಾರ್ಗದಲ್ಲಿ ಒಂದು ಸಬ್‌ಸ್ಟೇಷನ್ನಿನ ಸರಹದ್ದು ಮುಗಿದು ಇನ್ನೊಂದರದು ಶುರುವಾಗುವಲ್ಲಿ ಕರೆಂಟೇ ಇಲ್ಲದ ಸಣ್ಣ ತುಣುಕು ಬರುತ್ತದೆ, ನ್ಯೂಟ್ರಲ್ ಸೆಕ್ಷನ್. 500 ಮೀಟರ್ ಮತ್ತು 250 ಮೀಟರ್ ಮೊದಲೇ ಫಲಕ ನೋಡಿ ಡ್ರೈವರ್ ಡಿಜೆ ತೆಗೆದು, ದಾಟಿ, ಮತ್ತೆ ಹಾಕುತ್ತಾರೆ. 2024ರ ಮಾರ್ಚ್‌ನಲ್ಲಿ ಶುರುವಾದ ನಮ್ಮ ಕಲಬುರಗಿ–ಬೆಂಗಳೂರು ವಂದೇ ಭಾರತ್‌ನಲ್ಲಿ ಕೂತಾಗ ಏಸಿ ಗಾಳಿ ಒಂದು ಗಳಿಗೆ ನಿಂತು ಮತ್ತೆ ಬೀಸಿದರೆ ಗಾಬರಿ ಬೇಡ, ಸರಹದ್ದು ದಾಟಿದ್ದೀರಿ.

ನಮ್ಮ ಕಡೆ ಬೀಳುವುದು ಯಾಕೆ

ವಾಡಿ, ಮಳಖೇಡ, ಸೇಡಂ ಸುತ್ತ ಸಿಮೆಂಟಿನ ಧೂಳು. ತಂತಿಯನ್ನು ಕಂಬದಿಂದ ಬೇರೆ ಇಡುವ ಪಿಂಗಾಣಿ ಇನ್ಸುಲೇಟರಿನ ಮೇಲೆ ಅದು ಕೂತುಕೊಳ್ಳುತ್ತದೆ. ಒಣಗಿದ್ದಾಗ ತಂಟೆಯಿಲ್ಲ. ಮೊದಲ ಮಳೆಯ ಹನಿಯೋ ಚಳಿಗಾಲದ ಇಬ್ಬನಿಯೋ ಬಿದ್ದು ಹಿಟ್ಟು ಕಲಸಿದಂತಾದಾಗ ಅದರ ಮೇಲಿಂದಲೇ ಕರೆಂಟ್ ಕಂಬಕ್ಕೆ ಹಾಯುತ್ತದೆ. ಜೋರು ಮಳೆ ಬಂದರೆ ತೊಳೆದು ಹೋಗುತ್ತದೆ, ತುಂತುರೇ ಕೆಟ್ಟದ್ದು. ಕಾಗೆಗಳು ಕಂಬದ ಮೇಲೆ ಕಟ್ಟುವ ಗೂಡು ಇನ್ನೊಂದು ಕಾಟ, ಅದರಲ್ಲಿ ಕಡ್ಡಿಗಿಂತ ಬೈಂಡಿಂಗ್ ವೈರ್ ಹೆಚ್ಚು.

ಬಿಸಿಲಿಗೆ ಮಾತ್ರ ಮೊದಲೇ ಉಪಾಯ ಮಾಡಿದ್ದಾರೆ. ಅಲ್ಲಲ್ಲಿ ಕಂಬಕ್ಕೆ ಗಾಲಿ ಕಟ್ಟಿ ಬಿಲ್ಲೆ ಬಿಲ್ಲೆಯಾದ ಕಬ್ಬಿಣದ ಭಾರ ಇಳಿಬಿಟ್ಟದ್ದನ್ನು ನೋಡಿರುತ್ತೀರಿ. ತಂತಿ 30 ಡಿಗ್ರಿ ಹೆಚ್ಚು ಕಾದರೆ 750 ಮೀಟರ್ ತಾಮ್ರ ಸುಮಾರು 38 ಸೆಂಟಿಮೀಟರ್ ಉದ್ದವಾಗುತ್ತದೆ. ಭಾರ ಅದಕ್ಕೆ ತಕ್ಕಂತೆ ಕೆಳಗಿಳಿದು ತಂತಿಯನ್ನು ಜಗ್ಗಿ ಹಿಡಿಯುತ್ತದೆ. ಡಿಸೆಂಬರಿನ ಬೆಳಗ್ಗೆ ಮೇಲೆ, ಮೇ ಮಧ್ಯಾಹ್ನ ಕೆಳಗೆ. ಒಂದು ವರ್ಷ ಗಮನಿಸಿ ನೋಡಿ.

ಗೇಟಿನ ಎರಡೂ ಕಡೆ ಇರುವ ಕಬ್ಬಿಣದ ಕಮಾನು ಸುಮ್ಮನೆ ನಿಲ್ಲಿಸಿದ್ದಲ್ಲ. ಅದರ ಎತ್ತರ 4.67 ಮೀಟರ್. ಕಬ್ಬಿನದೋ ಹತ್ತಿಯದೋ ಹೇರು ಅದಕ್ಕೆ ತಾಗಿದರೆ ಹೇರು ಇಳಿಸಿ. ಕಬ್ಬನ್ನು ಕೋಲಿನಿಂದ ಒತ್ತಿ ತಗ್ಗಿಸಿ ದಾಟಿಸುವುದನ್ನು ನಾನೇ ಕಂಡಿದ್ದೇನೆ. ಕಮಾನು ದಾಟಿದ ಕೂಡಲೇ ಕಬ್ಬು ಸೆಟೆದು ಎದ್ದು ನಿಲ್ಲುತ್ತದೆ, ಮೇಲೆ ತಂತಿ ಇರುತ್ತದೆ.

ತಂತಿ ಬಿದ್ದದ್ದು ಕಂಡರೆ

ಗಾಡಿಯೊಳಗಿದ್ದರೆ ಒಳಗೇ ಇರಿ. ತಂತಿ ಬೋಗಿಯ ಮೇಲೆ ಬಿದ್ದಿದ್ದರೂ ಲೋಹದ ಮೈಯಿಂದ ಗಾಲಿಗೆ, ಗಾಲಿಯಿಂದ ಹಳಿಗೆ ಕರೆಂಟಿಗೆ ದಾರಿಯಿದೆ. ಒಂದು ಕಾಲು ಮೆಟ್ಟಿಲಲ್ಲಿ ಇನ್ನೊಂದು ನೆಲದಲ್ಲಿ ಇಟ್ಟರೆ ಆ ದಾರಿ ನೀವೇ ಆಗುತ್ತೀರಿ. ಬೆಂಕಿ ಬಿದ್ದು ಇಳಿಯಲೇಬೇಕಾದರೆ ಏನನ್ನೂ ಹಿಡಿಯದೆ, ಎರಡೂ ಪಾದ ಜೋಡಿಸಿ ಜಿಗಿಯಿರಿ.

ಹೊರಗಿದ್ದರೆ ಕನಿಷ್ಠ 10 ಮೀಟರ್ ದೂರ ಸರಿಯಿರಿ, ಹೆಜ್ಜೆ ಎತ್ತಿಡದೆ ಪಾದ ಉಜ್ಜಿಕೊಂಡು. ನೆಲದಲ್ಲಿ ವೋಲ್ಟ್ ಉಂಗುರ ಉಂಗುರವಾಗಿ ಇಳಿಯುತ್ತ ಹೋಗುತ್ತದೆ, ದೊಡ್ಡ ಹೆಜ್ಜೆ ಹಾಕಿದರೆ ಎರಡು ಪಾದಗಳ ನಡುವಿನ ವ್ಯತ್ಯಾಸವೇ ಹೊಡೆಯುತ್ತದೆ. ನೀರು ಹಾಕಬೇಡಿ. ಬಿದ್ದವರನ್ನು ಕೋಲಿನಿಂದ ಎಳೆಯಲೂ ಹೋಗಬೇಡಿ, 25 ಸಾವಿರಕ್ಕೆ ಒಣಕಟ್ಟಿಗೆಯ ಭರವಸೆ ಇಲ್ಲ.

ಆಮೇಲೆ 139ಕ್ಕೆ ಫೋನ್ ಮಾಡಿ, ಇಲ್ಲವೆ ಹತ್ತಿರದ ಗೇಟ್‌ಮ್ಯಾನ್‌ಗೆ ಹೇಳಿ. "ಶಹಾಬಾದ್ ಹತ್ತಿರ" ಅಂದರೆ ಸಾಲದು. ಪ್ರತಿ ಕಂಬಕ್ಕೂ ಸಣ್ಣ ಫಲಕವಿದೆ, ಮೇಲೆ ಕಿಲೋಮೀಟರ್, ಕೆಳಗೆ ಕಂಬದ ನಂಬರು. ದೂರದಿಂದಲೇ ಅದನ್ನು ಓದಿ ಹೇಳಿ.

ತಂತಿ ನಿಜಕ್ಕೂ ಸಾಯುವುದು

ಮುಕ್ಕಾಲು ಗಂಟೆಯ ಮೇಲೆ ವಾಡಿ ಕಡೆಯಿಂದ ಟವರ್ ವ್ಯಾಗನ್ ಬಂತು. ತಂತಿ ಕೆಲಸದವರು ಇಳಿದರು, ಆದರೆ ಯಾರೂ ಮೇಲೆ ಹತ್ತಲಿಲ್ಲ. ಹುಡುಗನಿಗೆ ಆಶ್ಚರ್ಯ. ಹಿರಿಯರು ಪೇಪರ್ ಮಡಚಿಟ್ಟರು. ಮೊದಲು ಕಂಟ್ರೋಲರ್ ಲೈನ್ ತೆಗೆದು, ಪರವಾನಗಿಯನ್ನು ನಂಬರ್ ಸಮೇತ ಕೊಡಬೇಕು. ಅದಿಲ್ಲದೆ ಚಾಲೂ ತಂತಿಯ 2 ಮೀಟರ್ ಒಳಗೆ ಯಾರೂ ಹೋಗುವಂತಿಲ್ಲ. ಪರವಾನಗಿ ಬಂದ ಮೇಲೂ ಡಿಸ್ಚಾರ್ಜ್ ರಾಡ್, ಅಂದರೆ ತಂತಿಯಲ್ಲಿನ ಕರೆಂಟನ್ನು ಹಳಿಗೆ ಇಳಿಸುವ ಕೋಲು, ಹಾಕಬೇಕು: ಕೆಳಗಿನ ಕ್ಲಾಂಪ್ ಮೊದಲು ಹಳಿಗೆ, ಆಮೇಲೆ ಮೇಲಿನ ಕೊಕ್ಕೆ ತಂತಿಗೆ. ತೆಗೆಯುವಾಗ ಉಲ್ಟಾ. ಈ ಕ್ರಮ ತಪ್ಪಿದರೆ ರಾಡ್ ಹಿಡಿದವನೇ ಅರ್ಥಿಂಗ್. ಕೆಲಸದ ಜಾಗದ ಎರಡೂ ಬದಿಗೆ ಒಂದೊಂದು ಬೇಕು, ಯಾಕೆಂದರೆ ಪಕ್ಕದ ಹಳಿಯ ಚಾಲೂ ತಂತಿ ಈ ಸತ್ತ ತಂತಿಯಲ್ಲೂ ವೋಲ್ಟ್ ಹುಟ್ಟಿಸುತ್ತದೆ, ಮುಟ್ಟದೆಯೇ.

ಹುಡುಗ ಕಿಟಕಿಗೆ ಮೊಬೈಲ್ ಹಿಡಿದು ಝೂಮ್ ಮಾಡಿದ. "ಕೋಲ್ ಹಾಕ್ಯಾರ್ರಿ ಕಾಕಾ, ಕಾಣಲಿಕತ್ತದ. ಇನ್ನ ಏರಬಹುದಲ್ರಿ?"

"ಎರಡನೇದು ಎಲ್ಲ್ಯದ?"

ಹುಡುಗ ಹುಡುಕಿದ. ವ್ಯಾಗನ್ನಿನ ಆಚೆ ಬದಿ, ಮುಂದಿನ ಕಂಬದ ಹತ್ತಿರ ಒಬ್ಬರು ಬಗ್ಗಿ ಹಳಿಗೆ ಕ್ಲಾಂಪ್ ತಿರುವುತ್ತಿದ್ದರು.