ಜಕ್ಕೂರಿನ ಮೇಲೆ ಹಾರುವಾಗ ಟ್ರಾಫಿಕ್ ಡಬ್ಬಿ ಬಳಸೋದು ಹೇಗೆ

ಜಕ್ಕೂರು ಅಂದರೆ ಬೆಂಗಳೂರಿನ ಸಣ್ಣ ವಿಮಾನಗಳ ನಿಲ್ದಾಣ. ಟ್ರಾಫಿಕ್ ರಿಸೀವರ್, ಅಂದರೆ ಸುತ್ತಲಿನ ವಿಮಾನಗಳನ್ನು ಪರದೆಯಲ್ಲಿ ತೋರಿಸುವ ಡಬ್ಬಿ, ಇಟ್ಟುಕೊಂಡು ಮೊದಲ ಸಲ ಹಾರಿದ ದಿನ ಒಂದು ವಿಮಾನ ನನ್ನ ಬೆನ್ನು ಬಿಡಲೇ ಇಲ್ಲ. ಎಡಕ್ಕೆ ತಿರುಗಿದರೆ ಅದೂ ಎಡಕ್ಕೆ, ಮೇಲೇರಿದರೆ ಅದೂ ಮೇಲಕ್ಕೆ. ಪರದೆಯಲ್ಲಿ ಅದರ ಪಕ್ಕ 00 ಅಂತ ಬರುತ್ತಿತ್ತು, ಅಂದರೆ ಸರಿಯಾಗಿ ನನ್ನ ಎತ್ತರದಲ್ಲೇ. ಕತ್ತು ನೋಯುವಷ್ಟು ತಿರುಗಿ ನೋಡಿದೆ, ಏನೂ ಕಾಣಲಿಲ್ಲ. ಇಳಿದ ಮೇಲೆ ಗೊತ್ತಾಯಿತು, ಅದು ನಾನೇ! ನನ್ನ ಟ್ರಾನ್ಸ್‌ಪಾಂಡರ್ (ವಿಮಾನದ ಗುರುತು, ಎತ್ತರ ಬಿತ್ತರಿಸುವ ರೇಡಿಯೊ) ಕೂಗಿದ್ದನ್ನು ನನ್ನದೇ ಡಬ್ಬಿ ಕೇಳಿಸಿಕೊಂಡು ಬೇರೆ ಯಾರೋ ಅಂದುಕೊಂಡಿತ್ತು. ಡಬ್ಬಿ ನಮ್ಮ ವಿಮಾನವನ್ನು ಗುರುತಿಸುವುದು ಹೆಕ್ಸ್ ಕೋಡ್ ಅನ್ನುವ ಗುರುತಿನ ಸಂಖ್ಯೆಯಿಂದ, ಅದನ್ನು ಹಾಕುವಾಗ 8 ಇರುವ ಕಡೆ ಬಿ ಅಂತ ಒತ್ತಿದ್ದೆ.

ಹಾಗಾಗಿ ಮೊದಲ ಕೆಲಸ ಇದು. ಆರು ಅಕ್ಷರದ ಆ ಕೋಡನ್ನು ನಿಮ್ಮ ಎಂಜಿನಿಯರ್ ಹತ್ತಿರ ಕೇಳಿ, ನೆಲದ ಮೇಲೇ ಹಾಕಿ, ಎರಡು ಸಲ ಓದಿ. ನಮ್ಮ ವಿಟಿ ವಿಮಾನಗಳ (ಭಾರತದಲ್ಲಿ ನೋಂದಣಿಯಾದವು) ಕೋಡ್ 80ರಿಂದ 83ರ ಒಳಗಿನ ಸಂಖ್ಯೆಯಲ್ಲಿ ಶುರುವಾಗುತ್ತದೆ. ಬೇರೆ ಏನಾದರೂ ಇದ್ದರೆ ತಪ್ಪಾಗಿದೆ ಅಂತಲೇ ಅರ್ಥ.

ಡಬ್ಬಿ ಮಾಡುವ ಕೆಲಸ ಸರಳ. ಎಡಿಎಸ್-ಬಿ ಔಟ್ ಅನ್ನುವ ಸಾಧನ ಇರುವ ವಿಮಾನ ತಾನು ಎಲ್ಲಿದ್ದೇನೆ ಅಂತ ಜಿಪಿಎಸ್‌ನಿಂದ ತಿಳಿದುಕೊಂಡು 1090 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತಾ ಇರುತ್ತದೆ, ನಿಮ್ಮ ಡಬ್ಬಿ ಅದನ್ನು ಕೇಳಿ ಟ್ಯಾಬ್ಲೆಟ್ ಮೇಲೆ ತೋರಿಸುತ್ತದೆ. ಅಷ್ಟೇ. ಅಮೆರಿಕದವರ ವಿಡಿಯೊ ನೋಡಿ ಮೋಸ ಹೋಗಬೇಡಿ. ಅಲ್ಲಿ 2020ರ ಜನವರಿಯಿಂದ ಹೆಚ್ಚಿನ ನಿಯಂತ್ರಿತ ಆಕಾಶದಲ್ಲಿ ಔಟ್ ಕಡ್ಡಾಯ, ಜೊತೆಗೆ ರೇಡಾರ್‌ಗೆ ಕಂಡ ವಿಮಾನಗಳನ್ನೂ ನೆಲದ ಕೇಂದ್ರಗಳೇ ಪೈಲಟ್‌ಗೆ ಕಳಿಸುತ್ತವೆ. ನಮ್ಮಲ್ಲಿ ಕೂಗದವರು ಕಾಣುವುದಿಲ್ಲ. ಮೈಕ್ರೋಲೈಟ್, ಪ್ಯಾರಾಮೋಟರ್, ಡ್ರೋನ್ ಯಾವುದೂ ಬರಲಿಕ್ಕಿಲ್ಲ. ಪಕ್ಕದಲ್ಲೇ ಯಲಹಂಕ ವಾಯುನೆಲೆ ಇದೆ, ಮಿಲಿಟರಿ ವಿಮಾನ ಪರದೆಗೆ ಬಂದೇ ಬರುತ್ತದೆ ಅಂತ ನಂಬಬೇಡಿ. ಕೆರೆ ಮೇಲೆ ಸುತ್ತುವ ಹದ್ದುಗಳಂತೂ ಬಿಡಿ.

ಡಬ್ಬಿ ಇಡುವ ಜಾಗ ಮುಖ್ಯ. ಸುಮ್ನೆ ಸೀಟಿನ ಮೇಲೆ ಎಸೆದರೆ ನಿಮ್ಮ ಮೈ, ಎಂಜಿನ್, ಲೋಹದ ಬಾಡಿ ಎಲ್ಲ ಸಿಗ್ನಲ್‌ಗೆ ಅಡ್ಡ ಬರುತ್ತವೆ, ಆ ದಿಕ್ಕಿನ ವಿಮಾನ ಮಾಯ. ನಾನು ಪಕ್ಕದ ಕಿಟಕಿಗೆ ಸಕ್ಷನ್ ಕಪ್ ಹಾಕಿ ಅಂಟಿಸುತ್ತೇನೆ, ಒಂದು ದಾರವನ್ನೂ ಕಟ್ಟುತ್ತೇನೆ, ಯಾಕಂದರೆ ಒಮ್ಮೆ ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿಯುತ್ತಿರುವಾಗ, ಅದು ಕಳಚಿ ರಡ್ಡರ್ ಪೆಡಲ್ ಹತ್ತಿರ ಬಿದ್ದಿತ್ತು.

ಈಗ ಫಿಲ್ಟರ್. ಹಾಗೇ ಬಿಟ್ಟರೆ ಕೆಂಪೇಗೌಡ ನಿಲ್ದಾಣಕ್ಕೆ ಬರುವ ಹೋಗುವ ಎಲ್ಲ ದೊಡ್ಡ ವಿಮಾನಗಳೂ ಪರದೆ ತುಂಬಾ ಹರಡುತ್ತವೆ, ಸಂಜೆಯ ಹೆಬ್ಬಾಳ ಫ್ಲೈಓವರ್ ಥರ. ಮೇಲೆ ಕೆಳಗೆ 2000 ಅಡಿ, ಸುತ್ತ 6 ನಾಟಿಕಲ್ ಮೈಲಿ ಇಟ್ಟುಕೊಳ್ಳಿ. ಸರ್ಕ್ಯೂಟ್‌ಗೆ (ಇಳಿಯುವ ಮುಂಚೆ ನಿಲ್ದಾಣದ ಪಕ್ಕ ಹಾರುವ ಸುತ್ತು) ಬಂದ ಮೇಲೆ 2 ಮೈಲಿ ಸಾಕು. 6 ಮೈಲಿ ಜಾಸ್ತಿ ಅನಿಸಬಹುದು. ಆದರೆ ಇಬ್ಬರೂ 90 ನಾಟ್‌ನಲ್ಲಿ (ಗಂಟೆಗೆ 90 ನಾಟಿಕಲ್ ಮೈಲಿ) ಎದುರುಬದುರು ಬಂದರೆ ನಿಮಿಷಕ್ಕೆ 3 ಮೈಲಿ ಕರಗುತ್ತದೆ, ಅಲ್ವಾ? ಸಿಗುವುದು ಎರಡೇ ನಿಮಿಷ.

ಎತ್ತರದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಬೇರೆ ವಿಮಾನ ಕೂಗುವುದು 1013 ಹೆಕ್ಟೊಪ್ಯಾಸ್ಕಲ್ ಲೆಕ್ಕದ ಒತ್ತಡದ ಎತ್ತರ, ಅಂದರೆ ಗಾಳಿಯ ಒತ್ತಡದಿಂದ ಅಳೆದದ್ದು. ನಿಮ್ಮ ಆ್ಯಪ್ ಅದನ್ನು ನಿಮ್ಮ ಜಿಪಿಎಸ್ ಎತ್ತರದ ಜೊತೆ ಹೋಲಿಸುತ್ತಿದ್ದರೆ ನೂರಾರು ಅಡಿ ವ್ಯತ್ಯಾಸ ಬರಬಹುದು. ಪರದೆಯಲ್ಲಿ +03, ಅಂದರೆ 300 ಅಡಿ ಮೇಲೆ ಅಂತ ಇರುತ್ತದೆ, ನೀವು ಮೇಲೆ ಹುಡುಕುತ್ತೀರಿ, ಅವನು ನೇರ ಎದುರಿಗೇ ಇರಬಹುದು. ಡಬ್ಬಿಯೊಳಗೆ ಬ್ಯಾರೊಮೀಟರ್ ಇದ್ದರೆ ಅದನ್ನೇ ಆರಿಸಿ.

ಹಾರುವಾಗ ನನ್ನ ಕ್ರಮ ಹೀಗೆ. ಎರಡು ಸೆಕೆಂಡ್ ಪರದೆ, ಆಮೇಲೆ ಕಣ್ಣು ಹೊರಗೆ. ಪರದೆ ಎರಡು ಗಂಟೆ ದಿಕ್ಕು (ಮುಂದೆ 12 ಅಂತಿಟ್ಟರೆ ಗಡಿಯಾರದ 2 ಬರುವ ಕಡೆ) ಅಂದರೆ ಅಲ್ಲಿಂದ ಎಡಬಲಕ್ಕೆ ಸ್ವಲ್ಪ ಜಾಸ್ತಿಯೇ ನೋಡಿ. ಅದು ತೋರಿಸುವುದು ನೀವು ಸಾಗುತ್ತಿರುವ ದಾರಿಗೆ ತಕ್ಕ ದಿಕ್ಕು, ಅಡ್ಡಗಾಳಿಯಿದ್ದರೆ ನಿಮ್ಮ ಮೂತಿ ಬೇರೆ ಕಡೆ ತಿರುಗಿರುತ್ತದೆ. ಗಾಜಿನ ಮೇಲೆ ಜರುಗದೆ, ಒಂದೇ ಜಾಗದಲ್ಲಿ ನಿಂತು ದೊಡ್ಡದಾಗುವ ಚುಕ್ಕೆ ಕಂಡರೆ ಅದು ಗುದ್ದಲು ಬರುತ್ತಿದೆ ಅಂತ ತಿಳಿಯಿರಿ. ಹೆಡ್‌ಸೆಟ್‌ಗೆ ಧ್ವನಿ ಎಚ್ಚರಿಕೆ ಜೋಡಿಸಿದರೆ ಪರದೆ ನೋಡುವುದು ಇನ್ನೂ ಕಡಿಮೆ ಆಗುತ್ತದೆ, ಅದೇ ಬೇಕಾಗಿರುವುದು.

ಪರದೆ ಒಂದನ್ನೇ ನಂಬಿ ಮೇಲೆ ಕೆಳಗೆ ಜಿಗಿಯಬೇಡಿ. ಹಾಗೆ ಹೇಳುವ ಯಂತ್ರ ಟಿಕ್ಯಾಸ್, ಅದು ಎದುರಿನ ಟ್ರಾನ್ಸ್‌ಪಾಂಡರನ್ನು ತಾನೇ ವಿಚಾರಿಸಿ ಏರು, ಇಳಿ ಅನ್ನುತ್ತದೆ. 1996ರ ನವೆಂಬರ್ 12ರಂದು ಚರ್ಖಿ ದಾದ್ರಿಯ ಮೇಲೆ ಎರಡು ದೊಡ್ಡ ವಿಮಾನ ಡಿಕ್ಕಿಯಾಗಿ 349 ಜನ ಸತ್ತ ಮೇಲೆ ನಮ್ಮ ದೇಶದಲ್ಲಿ ಏರ್‌ಲೈನ್ ವಿಮಾನಗಳಿಗೆ ಅದು ಕಡ್ಡಾಯವಾಯಿತು. ನಮ್ಮ ಡಬ್ಬಿ ಆ ಜಾತಿಯದ್ದಲ್ಲ. ಮೊದಲು ಕಣ್ಣಿಗೆ ಹುಡುಕಿ, ಸಿಗದಿದ್ದರೆ ರೇಡಿಯೊದಲ್ಲಿ ನಿಮ್ಮ ಜಾಗ, ಎತ್ತರ ಹೇಳಿ ಕೇಳಿ.

ಕೊನೆಗೆ ಟ್ಯಾಬ್ಲೆಟ್. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಗಾಜಿನ ಹಿಂದೆ ಇಟ್ಟರೆ ಕಾದು ತಾನಾಗೇ ಆಫ್ ಆಗುತ್ತದೆ. ತಣ್ಣಗಾದ ಮೇಲೆ ಸರಿಹೋಗುತ್ತದೆ ನಿಜ, ಅಷ್ಟರಲ್ಲಿ ನೀವು ಇಳಿದು ಕಾಫಿ ಕುಡಿಯುತ್ತಿರುತ್ತೀರಿ.