ರೈಟರು ಕಂಡ ಕೆಂಪು ದೀಪ

ಬಟವಾಡೆ ದಿನ ಬೆಳಿಗ್ಗೆ ಏಳೂವರೆಗೆ ಆಲ್ದೂರು ಕಡೆಯ ಕಾಫಿ ತೋಟದಿಂದ, ಅಲ್ಲಿನ ಲೆಕ್ಕ ಬರೆಯೋ ರೈಟರು ಫೋನ್ ಮಾಡಿದರು. "ಸಾರ್, ಸರ್ವರ್‌ಗೆ ಕೆಂಪು ದೀಪ ಬಂದಿದೆ. ಬಟನ್ ಒತ್ತಿ ಒಂದ್ಸಲ ಆಫ್ ಮಾಡಿ ಆನ್ ಮಾಡ್ಲಾ?"

"ಒತ್ಬೇಡಿ, ಮೊದ್ಲು ಕೈ ತೆಗೀರಿ" ಅಂದೆ. ಪವರ್ ಬಟನ್ ನಾಲ್ಕೈದು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಯಾವ ಕೆಲಸ ನಡೀತಿದ್ರೂ ಲೆಕ್ಕಿಸದೆ ಮಷೀನ್ ಸತ್ತುಹೋಗುತ್ತೆ. ಮನೆಯ ಟಿವಿಗೆ ಮಾಡಿದ ಅಭ್ಯಾಸ, ಅವರನ್ನು ಬೈದು ಫಲವಿಲ್ಲ.

ಅಲ್ಲಿರೋದು ಡೆಲ್ ಕಂಪನಿಯ ಸರ್ವರ್, ಪವರ್‌ಎಡ್ಜ್. ಅದರ ಮುಂಭಾಗದ ಸ್ಥಿತಿ ದೀಪಕ್ಕೆ ನೀಲಿ, ಆಂಬರ್ (ಕಿತ್ತಳೆ ಬೆರೆತ ಹಳದಿ) ಎರಡೇ ಬಣ್ಣ. ಕೆಂಪೇ ಇಲ್ಲ. ಆಂಬರನ್ನು ಒಬ್ಬರು ಕೆಂಪು ಅಂತಾರೆ, ಇನ್ನೊಬ್ಬರು ಹಳದಿ ಅಂತಾರೆ, ಮಗದೊಬ್ಬರು ಕಾವಿ ಅಂತಾರೆ. ಕಂಪನಿ ಬದಲಾದರೆ ಅರ್ಥವೂ ಬದಲು: ಎಚ್‌ಪಿಇ ಪ್ರೋಲಿಯಂಟ್‌ನಲ್ಲಿ ಪವರ್ ಬಟನ್ ಮೇಲೆ ಆಂಬರ್ ನಿಂತಿದ್ದರೆ ರೋಗವೇನಿಲ್ಲ, ಕರೆಂಟ್ ಇದೆ, ಮಷೀನ್ ಆನ್ ಆಗಿಲ್ಲ ಅಷ್ಟೆ. ಹಾಗಾಗಿ ಫೋನಲ್ಲಿ ನಾನು ಬಣ್ಣ ನಂಬೋದು ಬಿಟ್ಟು ಬಹಳ ಕಾಲವಾಯ್ತು. "ನಿಂತೇ ಇದೆಯಾ, ಮಿಟುಕ್ತಾ ಇದೆಯಾ?" ಅಂತ ಕೇಳ್ತೀನಿ.

ಮಿಟುಕ್ತಿತ್ತು. ಹಾಗಾದ್ರೆ ಏನೋ ಕೆಟ್ಟಿದೆ. ಡಿಸ್ಕುಗಳ ಸಣ್ಣ ದೀಪ ನೋಡಿ ಹೇಳಿ ಅಂದೆ. ಫೋನ್ ಸ್ಪೀಕರ್‌ಗೆ ಹಾಕಿ ಬಗ್ಗಿ ಕೂತು, ಪ್ರೂನಿಂಗ್ ಆದ ಗಿಡ ಎಣಿಸೋ ಹಾಗೆ ಎಣಿಸಿದರು: "ಮೂರರದ್ದು... ಹಸಿರು. ಈಗ ಕಾವಿ. ಈಗ ಆರ್ತು. ಮತ್ತೆ ಹಸಿರು." ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಹಸಿರು, ಆಂಬರ್, ಕತ್ತಲೆ ಅಂದ್ರೆ ಡಿಸ್ಕ್ ಇನ್ನೂ ಸತ್ತಿಲ್ಲ, ಸಾಯೋ ಲಕ್ಷಣ ಕಾಣ್ತಿದೆ. ಸತ್ತೇಹೋಗಿದ್ದರೆ ಆಂಬರ್ ಒಂದೇ, ಸೆಕೆಂಡಿಗೆ ನಾಲ್ಕು ಸಲ ಪಟಪಟ ಹೊಡೀತಿರುತ್ತೆ. ಬಟವಾಡೆ ಮುಗಿಸಿಕೊಳ್ಳಿ, ಪೆನ್‌ಡ್ರೈವ್‌ಗೂ ಒಂದು ಬ್ಯಾಕಪ್ ತಗೊಳ್ಳಿ, ಮಧ್ಯಾಹ್ನ ಬರ್ತೀನಿ ಅಂದೆ.

ಚಿಕ್ಕಮಗಳೂರಿಂದ ಹೊಸ ಡಿಸ್ಕ್ ಹಿಡಿದು ಹೊರಟಾಗ ಜೋರು ಮಳೆ. ದಾರಿಯುದ್ದಕ್ಕೂ ತಲೇಲಿ ಹಳೇದೇ ಓಡ್ತಿತ್ತು. ಈ ಕೆಲಸ ಶುರು ಮಾಡಿದ ಹೊಸದರಲ್ಲಿ, ಬೇರೆ ಕಡೆ, "ಎರಡನೇ ಡಿಸ್ಕ್ ಹೋಗಿದೆ" ಅಂತ ತೆರೆ ಮೇಲೆ ಓದಿ ಎಡದಿಂದ ಎರಡನೇದನ್ನು ಎಳೆದಿದ್ದೆ. ಸ್ಲಾಟ್ ಎಣಿಕೆ ಸೊನ್ನೆಯಿಂದ ಶುರು; ಎರಡು ಅಂದ್ರೆ ಮೂರನೇದು. ಡೇಟಾವನ್ನು ಹಲವು ಡಿಸ್ಕುಗಳಿಗೆ ಹಂಚಿಡೋ ರೇಡ್ 5 ವ್ಯವಸ್ಥೆಯಲ್ಲಿ ಒಂದು ಡಿಸ್ಕ್ ಹೋದರೆ ತಡೆಯುತ್ತೆ, ಎರಡು ಹೋದರೆ ಇಲ್ಲ. ಎಳೆದಾಗ ಕ್ಲಿಕ್ ಅನ್ನೋ ಸದ್ದು, ಆಮೇಲೆ ಪಕ್ಕದ ಕೋಣೆಯಿಂದ "ಸರ್ವರ್ ಹೋಯ್ತು" ಅಂತ ಕೂಗು. ಎರಡು ದಿನದ ಲೆಕ್ಕ ಆ ಆಫೀಸಿನವರು ಕೈಯಲ್ಲಿ ಮತ್ತೆ ಟೈಪ್ ಮಾಡಿದರು. ನಾನು ಪಕ್ಕದಲ್ಲೇ ಕೂತು ಓದಿ ಹೇಳಿದೆ.

ಅದಕ್ಕೇ ಈಗ ದೀಪ ಮಿಟುಕಿಸದೆ ಏನನ್ನೂ ಎಳೆಯಲ್ಲ. ತೋಟದ ರ‍್ಯಾಕ್‌ನಲ್ಲಿ ಒಂದೇ ಥರದ ಎರಡು ಸರ್ವರ್ ಇವೆ, ಒಂದು ಲೆಕ್ಕದ್ದು, ಒಂದು ಕ್ಯಾಮೆರಾದ್ದು. ಮುಂಭಾಗದ 'ಐ' ಬಟನ್ ಒಂದ್ಸಲ ಒತ್ತಿದರೆ ಹಿಂದೆಯೂ ಮುಂದೆಯೂ ನೀಲಿ ಮಿಟುಕುತ್ತೆ. ವೈರ್ ಗೋಜಲಿನ ಹಿಂದೆ ನಿಂತಾಗ ಅದೇ ದಾರಿದೀಪ. ರೈಟರು ಒಮ್ಮೆ ಆ ನೀಲಿ ಆರಿಸೋಣ ಅಂತ ಬಟನ್ ಬಿಡದೆ ಒತ್ತಿ ಹಿಡಿದಿದ್ದರು. ಹದಿನಾರು ಸೆಕೆಂಡ್ ಹಿಡಿದರೆ ಐಡ್ರ್ಯಾಕ್, ಅಂದ್ರೆ ಸರ್ವರ್ ಮೇಲೆ ಕಣ್ಣಿಡೋಕೆ ಅದರೊಳಗೇ ಇರೋ ಪುಟ್ಟ ಕಂಪ್ಯೂಟರ್, ರೀಸೆಟ್ ಆಗುತ್ತೆ. ಫ್ಯಾನ್‌ಗಳು ಭೋರ್ ಅಂದವಂತೆ, ಇವರು ಹೊರಗೆ ಓಡಿದ್ದರಂತೆ. ಡೇಟಾಗೆ ಏನೂ ಆಗಿರಲಿಲ್ಲ.

ಐಡ್ರ್ಯಾಕ್‌ನಿಂದ ಡಿಸ್ಕ್‌ಗೂ ಬ್ಲಿಂಕ್ ಕೊಟ್ಟೆ. ಸ್ಲಾಟ್ ಮೂರರ ಹಸಿರು ಸೆಕೆಂಡಿಗೆ ಎರಡು ಸಲ ಮಿಟುಕಿತು. ರೈಟರಿಗೂ ತೋರಿಸಿ "ಇದೇ ತಾನೇ?" ಅಂದೆ. ಅದನ್ನು ಆಫ್‌ಲೈನ್ ಮಾಡಿ, ಹಿಡಿಕೆ ಎಳೆದು, ಒಳಗಿನ ತಟ್ಟೆ (ಪ್ಲ್ಯಾಟರ್) ತಿರುಗೋದು ನಿಲ್ಲಲಿ ಅಂತ ಅರ್ಧ ನಿಮಿಷ ಬಿಟ್ಟು ಪೂರ್ತಿ ತೆಗೆದೆ. ಹೊಸದು ಕೂತ ಮೇಲೆ ಹಸಿರು ನಿಧಾನಕ್ಕೆ ಮಿಟುಕೋಕೆ ಶುರುವಾಯ್ತು, ರೀಬಿಲ್ಡ್ ನಡೀತಿದೆ, ಅಂದ್ರೆ ತೆಗೆದ ಡಿಸ್ಕಿನ ಡೇಟಾ ಹೊಸದರಲ್ಲಿ ಮತ್ತೆ ತುಂಬ್ತಿದೆ ಅಂತ.

ಮರುದಿನ ಬೆಳಿಗ್ಗೆ ಮತ್ತೆ ಫೋನ್. "ಸಾರ್, ನಾಲ್ಕೂ ಹಸಿರು, ನಿಂತೇ ಇದೆ. ದೊಡ್ಡದು ನೀಲಿ, ಅದೂ ನಿಂತಿದೆ. ಕ್ಯಾಮೆರಾದ್ದೂ ನೋಡಿ ಹೇಳ್ಲಾ?"